ಖುಲಾಸೆ ಆದ ಮೇಲೆ

"ನಿಲ್ರಿ! ಆ ಕಾಲು ಕೆಳಗ ಇಡಬ್ಯಾಡ್ರಿ!"

ಗಂಗಾ ಹೊಸ್ತಿಲಲ್ಲೇ ಕಲ್ಲಾದಳು.

ಒಂದು ಕಾಲು ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಹೆಗಲಿನ ಬ್ಯಾಗು ಜಾರಿ ಮೊಣಕೈಗೆ ಬಂದಿತ್ತು. ರೈಲು ನಿಲ್ದಾಣದಿಂದ ಓಡಿಕೊಂಡೇ ಬಂದಿದ್ದಳು, ಉಸಿರು ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಮೆಲ್ಲಗೆ ಕೆಳಗೆ ನೋಡಿದಳು. ಅವಳ ಚಪ್ಪಲಿಗೆ ನಾಲ್ಕು ಬೆರಳು ಕೆಳಗೆ, ನೆಲದಲ್ಲಿ ಚೆಲ್ಲಿದ ಬಿಳಿ ಪುಡಿಯ ಮೇಲೆ ಯಾರದೋ ಬೂಟಿನ ಗುರುತು!

"ಹಂಗ ಇರ್ರಿ... ಅಲುಗಾಡಬ್ಯಾಡ್ರಿ..."

ಹೇಳಿದವನು ಆ ಗುರುತಿನ ಪಕ್ಕದಲ್ಲೇ ಮೊಣಕಾಲೂರಿ ಕುಳಿತಿದ್ದ. ಕೈಯಲ್ಲಿ ಅಳತೆಯ ಟೇಪು. ಹಣೆಯ ಮೇಲೆ ಬೆವರು. ಅವನು ತಲೆಯೆತ್ತಿದ. ಕಣ್ಣಿಗೆ ಕಣ್ಣು ಸೇರಿತು.

ಅಷ್ಟೇ... ಗಂಗಾಳ ಆಯ ತಪ್ಪಿತು!

ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಅವನ ಅಂಗಿಯ ಕಾಲರು. ಟಪ್ ಎಂದು ಗುಂಡಿಯೊಂದು ಕಿತ್ತು, ಉರುಳಿಕೊಂಡು ಹೋಗಿ ಸೀಮೆಸುಣ್ಣದ ಗೆರೆಯೊಳಗೆ ನಿಂತಿತು.

ಕಿಟಕಿಯ ಬಳಿ ನಿಂತಿದ್ದ ವಿಭಾಗದ ಮುಖ್ಯಸ್ಥೆ ಜಾಸ್ಮೀನ ಮೇಡಂ ಜೋರಾಗಿ ನಕ್ಕರು.

"ಛಲೋ ಆತು ಬಿಡ್ರಿ! ಇಲ್ಲದ ಸಾಕ್ಷಿ ಒಂದು ಹೊಸದಾಗಿ ಹುಟ್ಟಿತು. ಗಂಗಾ, ಗೋಡಿ ಹಿಡ್ಕೊಂಡು ಒಳಗ ಬಾ."

ಅಂದು ಕೊಪ್ಪಳದ ಆ ಕಾಲೇಜಿನ ಅಪರಾಧಶಾಸ್ತ್ರ ವಿಭಾಗದಲ್ಲಿ ಆನರ್ಸ್ ತರಗತಿಗೆ ಆಯ್ಕೆ ನಡೆದಿತ್ತು. ಪದವಿಯ ಮೂರು ವರ್ಷ ಮುಗಿಸಿ, ನಾಲ್ಕನೆಯ ವರ್ಷ ಸ್ವಂತ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲಿ ಜಾಗ. ಸೀಟು ನಾಲ್ಕೇ ನಾಲ್ಕು. ಬಂದವರು ಹತ್ತೊಂಬತ್ತು ಮಂದಿ.

ಪರೀಕ್ಷೆಗಾಗಿ ಮೇಡಂ ಕೋಣೆಯೊಳಗೆ ಒಂದು ಸುಳ್ಳು ಕಳ್ಳತನವನ್ನೇ ಹೂಡಿದ್ದರು. ಉರುಳಿದ ಕುರ್ಚಿ, ತೆರೆದ ಕಪಾಟು, ನೆಲದಲ್ಲಿ ಬೂಟಿನ ಗುರುತು. ಮೇಜಿನ ಮೇಲೊಂದು ಚೀಟಿ. ಅದರಲ್ಲಿ ಅನುಮಾನವಿದ್ದವರ ಹೆಸರುಗಳು: ಕೆಲಸದಾಕೆ, ಹಾಲಿನವನು, ಡ್ರೈವರ್, ತೋಟದ ಆಳು.

ಒಬ್ಬೊಬ್ಬರೂ ಒಂದೊಂದು ಹೆಸರು ಹೇಳಿದರು. ಟೇಪು ಹಿಡಿದಿದ್ದ ಹುಡುಗ ಬೂಟಿನ ಉದ್ದ ಅಳೆದು, ಹೆಜ್ಜೆಯ ಅಂತರ ಲೆಕ್ಕ ಹಾಕಿ, ಡ್ರೈವರ್ ಎಂದ. ಮೇಡಂ ತಲೆದೂಗಿದರು.

"ಗಂಗಾ, ನೀ ಏನಂತಿ?"

ಗಂಗಾ ಚೀಟಿಯನ್ನೇ ನೋಡುತ್ತಿದ್ದಳು.

"ಮೇಡಂ... ಇದನ್ನ ಬರದೋರು ಯಾರ್ರಿ?"

"ಮನಿ ಮಾಲಕರು ಅಂತ ತಿಳ್ಕೊ."

"ಹಂಗಾದ್ರ ಮನಿಯವರ ಹೆಸರು ಇದ್ರಾಗ ಒಂದೂ ಇಲ್ಲಲ್ರಿ. ಕಳ್ಳ ಯಾರು ಅಂತ ನಂಗ ಗೊತ್ತಿಲ್ಲ. ಆದ್ರ ಹುಡುಕೋಕಿಂತ ಮೊದಲ ಯಾರ್ಯಾರನ್ನ ಕೈ ಬಿಟ್ಟೀವಿ ಅಂತ ನೋಡಬೇಕಲ್ರಿ?"

ಮೇಡಂ ಏನೋ ಬರೆದುಕೊಂಡರು. ಗುಂಡಿಯಿಲ್ಲದ ಕಾಲರನ್ನು ಒಂದು ಕೈಯಲ್ಲಿ ಹಿಡಿದಿದ್ದ ಹುಡುಗ ಅವಳನ್ನು ಹೊಸದಾಗಿ ನೋಡಿದ. ಈ ಮಾತನ್ನ ಈಕಿ ಪುಸ್ತಕದಾಗ ಓದಿಲ್ಲ... ಎಲ್ಲೋ ಸುಟ್ಟುಕೊಂಡು ಕಲ್ತಾಳ! ಎಂದುಕೊಂಡ.

ಮಧ್ಯಾಹ್ನ ಪಟ್ಟಿ ಹಚ್ಚಿದರು. ಮೊದಲ ಹೆಸರು ಗಂಗಾ, ತಳಕಲ್. ಎರಡನೆಯದು ಕೊಟ್ರೇಶ, ಕುಷ್ಟಗಿ.

"ಮೊದಲನೇ ಹೆಸರು ನಿಮ್ಮದ ಬಿಡ್ರಿ, ಗಂಗಾ!" ಹಿಂದಿನಿಂದ ದನಿ ಬಂತು. "ನಾನು ಕೊಟ್ರೇಶ. ಮೂರು ವರ್ಷ ಧಾರವಾಡದಾಗ ಓದಿದೆ. ಈಗ ನಮ್ಮ ಜಿಲ್ಲಾಕ್ಕ ವಾಪಸ್ ಬಂದೀನಿ."

"ನಿಮ್ಮ ಅಂಗಿ... ತಪ್ಪಾತ್ರಿ."

"ಅಂಗಿ ಇರ್ಲಿ ಬಿಡ್ರಿ. ಆ ಬೂಟಿನ ಗುರುತು ಉಳೀತಲ್ಲ!"

ಅವನು ನಕ್ಕ. ಗಂಗಾಗೂ ನಗು ಬಂತು. ಸಂಜೆ ರೈಲಿನ ಕಿಟಕಿಯ ಪಕ್ಕ ಕುಳಿತಾಗ, ಹೊರಗೆ ಹಿಂದೆ ಓಡುತ್ತಿದ್ದ ಬಂಡೆಗಲ್ಲುಗಳ ನಡುವೆಯೂ ಅದೇ ನಗು ಕಂಡಂತಾಯಿತು. 'ಛೀ! ಏನಾಗೈತಿ ನಂಗ?' ಎಂದು ತಲೆ ಕೊಡವಿಕೊಂಡಳು.

*

"ಮೂರು ವರ್ಷ ಓದಿದ್ದು ಸಾಲದೇನು? ಇನ್ನೊಂದು ವರ್ಷ ಆ ಕಳ್ಳರು, ಕೊಲಿಗಡುಕರ ಓದು!" ತಾಯಿ ದುರುಗವ್ವ ರೊಟ್ಟಿ ಬಡಿಯುತ್ತಲೇ ಸಿಡುಕಿದಳು. "ಹೆಣ್ಣ ನೋಡಾಕ ಬಂದವರಿಗೆ ಏನಂತ ಹೇಳ್ಲಿ ನಾನು?"

ತಂದೆ ಗವಿಸಿದ್ದಪ್ಪ ಕುರಿಗಳನ್ನು ಕೂಡಿಹಾಕಿ ಬಂದು, ಕೈಕಾಲು ತೊಳೆದು, ಮಗಳ ಎದುರು ಕುಳಿತ. ಆನರ್ಸ್ ಅರ್ಜಿಗೆ ಪಾಲಕರ ಸಹಿ ಬೇಕಿತ್ತು.

"ಇಲ್ಲಿ ಮಾಡಪ್ಪ," ಎಂದು ಗಂಗಾ ಪೆನ್ನು ಕೊಟ್ಟಳು.

ಅವನು ಪೆನ್ನು ಹಿಡಿದ. ಸಹಿ ಮಾಡಲಿಲ್ಲ.

"ಮೊದ್ಲ ಓದು. ಏನ ಬರದೈತಿ, ಪೂರಾ ಓದು."

ಗಂಗಾ ಆ ಕೈಯನ್ನೇ ನೋಡಿದಳು. ಹಿಂದೊಮ್ಮೆ ಪೊಲೀಸ್ ಠಾಣೆಯಲ್ಲಿ ಯಾರೋ ಬೆರಳು ತೋರಿಸಿದ ಕಡೆಯಲ್ಲೆಲ್ಲ ಓದದೆಯೇ ಸಹಿ ಮಾಡಿದ ಕೈ ಅದು.

ಆಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದ. ಗಿರಣಿಯ ಮಾಲೀಕ ಈಶಪ್ಪ ಸಾಹುಕಾರರ ಮನೆಯಲ್ಲಿ ಬಂಗಾರದ ಸರವೊಂದು ಕಾಣೆಯಾಯಿತು. ಅದೇ ದಿನ ಗವಿಸಿದ್ದಪ್ಪ ಅಕ್ಕಿ ಚೀಲ ಇಳಿಸಲು ಅವರ ಅಡುಗೆಮನೆಯವರೆಗೆ ಹೋಗಿದ್ದ. ಅಷ್ಟು ಸಾಕಾಯಿತು. ಹದಿನೈದು ದಿನ ಜೈಲು, ಮೂರು ವರ್ಷ ಕೋರ್ಟು. ಕೊನೆಗೆ ಖುಲಾಸೆ!

ಕೋರ್ಟು ಬಿಟ್ಟಿತು. ಊರು ಬಿಡಲಿಲ್ಲ.

ಗಂಗಾ ಅರ್ಜಿಯನ್ನು ಸಾಲು ಸಾಲಾಗಿ ಓದಿದಳು. ಗವಿಸಿದ್ದಪ್ಪ ಪೂರ್ತಿ ಕೇಳಿಸಿಕೊಂಡು, ನಿಧಾನವಾಗಿ, ಅಕ್ಷರ ಬಿಡಿಸಿ ಸಹಿ ಮಾಡಿದ.

"ಓದವ್ವಾ," ಎಂದ. ಅಷ್ಟೇ ಎಂದ.

*

"ನನ್ನ ವಿಷಯ ಇದ್ರಿ ಮೇಡಂ. ಖುಲಾಸೆ ಆದ ಮಂದಿ ಊರಿಗೆ ಹೊಳ್ಳಿ ಬಂದ ಮ್ಯಾಲ ಹೆಂಗ ಬದುಕ್ತಾರ ಅಂತ."

ತಂದೆಯ ವಿಚಾರವನ್ನು ಗಂಗಾ ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ.

"ಕ್ಷೇತ್ರಕಾರ್ಯಕ್ಕ ಇಬ್ಬಿಬ್ಬರು ಹೋಗಬೇಕು," ಎಂದರು ಮೇಡಂ. "ಎರಡು ತಿಂಗಳ ನಂತರ ನಿಮ್ಮ ಪ್ರಸ್ತಾವ ಮಂಡಿಸಬೇಕು. ಅದು ಒಪ್ಪಿಗೆ ಆದ್ರ ಮಾತ್ರ ಸೀಟು ಖಾಯಂ. ಗಂಗಾನ ಜೋಡಿ ಯಾರು ಹೋಗ್ತೀರಿ?"

"ನಾ ಹೋಗ್ತೀನ್ರಿ!" ಕೊಟ್ರೇಶ ಕೈ ಎತ್ತಿದ್ದ. ಎಷ್ಟು ಬೇಗ ಎತ್ತಿದನೆಂದರೆ ಉಳಿದಿಬ್ಬರು ಕಿಸಕ್ಕನೆ ನಕ್ಕರು.

ಆ ಎರಡು ತಿಂಗಳು...

ಗಂಗಾಗೆ ಅದು ಎಚ್ಚರವಿದ್ದೇ ಕಂಡ ಕನಸಿನಂತಿತ್ತು. ಕುಷ್ಟಗಿಯ ಬಸ್ಸು, ಕಿಟಕಿಯಿಂದ ನುಗ್ಗುವ ಗಾಳಿ, ದಾರಿಯುದ್ದ ಹಳದಿಯಾಗಿ ನಿಂತ ಸೂರ್ಯಕಾಂತಿ ಹೊಲ. ಪಕ್ಕದಲ್ಲಿ ಪ್ರಶ್ನೆಗಳ ಹಾಳೆ ಹಿಡಿದು ಗೊಣಗುವ ಕೊಟ್ರೇಶ. ಅವನು ಪ್ರಶ್ನೆ ಬರೆಯುವನು, ಅವಳು ಹೊಡೆದು ಹಾಕುವಳು.

"'ನಿಮ್ಮ ಮಾನಸಿಕ ಸ್ಥಿತಿಯ ಮೇಲೆ ಆದ ಪರಿಣಾಮವೇನು?' ಇದೇನ್ರಿ ಕೊಟ್ರೇಶ? ಹಿಂಗ ಕೇಳಿದ್ರ ಯಾರ ಹೇಳ್ತಾರ?"

"ಮತ್ತ ಹೆಂಗ ಕೇಳಬೇಕು?"

"'ಈಗ ಯಾರ ಮನಿಗೆ ಹೋಗ್ತೀರಿ, ಯಾರ ಮನಿಗೆ ಹೋಗಂಗಿಲ್ಲ' ಅಂತ ಕೇಳ್ರಿ."

ಹನುಮಸಾಗರದಲ್ಲಿ ಬಳೆ ಮಾರುವ ಉಮರಸಾಬರಿಗೆ ಆ ಪ್ರಶ್ನೆಯನ್ನೇ ಕೇಳಿದರು. ಯಾರದೋ ಮೋಟಾರ್ ಸೈಕಲ್ ಕಳುವಾದಾಗ ಅವರನ್ನು ಹಿಡಿದಿದ್ದರು. ಖುಲಾಸೆಯಾಗಿ ಒಂಬತ್ತು ವರ್ಷವಾಗಿತ್ತು.

"ಎಲ್ಲಾರ ಮನಿಗೂ ಹೋಗ್ತೀನವ್ವಾ," ಎಂದರು ಅವರು. "ಎಲ್ಲಾರೂ ಬಳಿ ಇಟ್ಕೊಂತಾರ. ಆದ್ರ ನಾ ಪಡಸಾಲ್ಯಾಗ ಕುಂತ ಕೂಡ್ಲೆ ಒಳಗಿನ ಕದಾ ಮುಚ್ಚಿದ ಸಪ್ಪಳ ಆಗ್ತೈತಿ. ಮೆಲ್ಲಕ ಮುಚ್ತಾರ, ಪಾಪ... ನಂಗ ಕೇಳಬಾರದಂತ."

ಹೊರಗೆ ಬಂದ ಗಂಗಾ ಬೇವಿನ ಮರದ ಬುಡದಲ್ಲಿ ನಿಂತು ಅತ್ತುಬಿಟ್ಟಳು. ಕೊಟ್ರೇಶ ಓರೆ ಬಿಸಿಲು ತಾಗದಂತೆ ಅವಳ ಪಕ್ಕಕ್ಕೆ ಬಂದು ನಿಂತ. ಅವನ ನೆರಳು ಅವಳ ಮುಖದ ಮೇಲೆ ಬಿತ್ತು.

ಅಂದೇ ಇರಬೇಕು, ಗಂಗಾಗೆ ಗೊತ್ತಾದದ್ದು. ಈ ಹುಡುಗ ಬರೀ ಜೊತೆಗಾರ ಅಲ್ಲ... ಇವನು ನನ್ನವನು!

ಇನ್ನೊಂದು ದಿನ ಗಂಗಾವತಿಯ ಕಡೆ ಕೆಲಸವಿತ್ತು. ಬೇಗ ಮುಗಿಯಿತೆಂದು ಹೇಮಗುಡ್ಡಕ್ಕೆ ಹೋದರು. ದುರ್ಗಮ್ಮನ ದರ್ಶನ ಮಾಡಿ, ಗುಡ್ಡದ ಮಗ್ಗುಲಿನ ಒಂದು ಬಂಡೆಯ ಮೇಲೆ ಕುಳಿತರು. ಮಧ್ಯಾಹ್ನದ ಬಿಸಿಲು ಮೆತ್ತಗಾಗಿತ್ತು. ಕೆಳಗೆ ಕಾಲುವೆಯ ನೀರು ಹರಿದಷ್ಟು ದೂರವೂ ಹಸಿರು ಭತ್ತ. ಗಾಳಿ ಬೀಸಿದಾಗ ಗದ್ದೆಗೆ ಗದ್ದೆಯೇ ಅಲೆಯಾಗಿ ಅವರ ಕಡೆ ತೇಲಿ ಬರುವಂತಿತ್ತು.

"ನಮ್ಮವ್ವನ ತವರುಮನಿ ಗಂಗಾವತಿ," ಎಂದ ಕೊಟ್ರೇಶ. "ಸಣ್ಣಾವಿದ್ದಾಗ ಅಜ್ಜ ನನ್ನ ಹೆಗಲ ಮ್ಯಾಲ ಕುಂಡ್ರಿಸ್ಕೊಂಡು ಈ ಗುಡ್ಡ ಹತ್ತತಿದ್ದ. ಎರಡು ವರ್ಷ ಆತು, ತೀರಿಕೊಂಡ. ಈಗ ಅಜ್ಜಿ ಒಬ್ಬಾಕಿ ಅದಾಳ."

"ಭಾಳ ಪ್ರೀತಿ ಇತ್ತೇನ್ರಿ ಅಜ್ಜನ ಮ್ಯಾಲ?"

"ಭಾಳ." ಅವನು ಅವಳ ಕಡೆ ತಿರುಗಿದ. "ನಿಮ್ಮ ಅಪ್ಪಾರು ಏನ್ ಮಾಡ್ತಾರ್ರಿ? ಎಂದೂ ಹೇಳಿಲ್ಲ ನೀವು."

"ಕುರಿ ಅದಾವ್ರಿ..." ಮುಂದಿನ ಮಾತು ಗಂಗಾಳ ನಾಲಿಗೆಯವರೆಗೆ ಬಂದು ನಿಂತಿತು.

ಹೇಳಿಬಿಡಲಾ? ಹೇಳಿದರೆ ಇವನೂ ಒಳಗಿನ ಕದ ಮುಚ್ಚಿದರೆ?

"ಗಂಗಾ..." ಅವನ ದನಿ ಬೇರೆಯೇ ಆಗಿತ್ತು. "ನಾ ನಿಮಗ ಒಂದು ಮಾತು ಹೇಳಬೇಕು..."

"ಇವತ್ತ ಬ್ಯಾಡ್ರಿ!" ಅವಳು ಥಟ್ಟನೆ ಎಂದಳು. "ಮೊದ್ಲ ನಾ ಒಂದು ಹೇಳಬೇಕು. ಒಂದೆರಡು ದಿನ ಕೊಡ್ರಿ. ಆಮ್ಯಾಲ ನಿಮ್ಮ ಮಾತು ಕೇಳ್ತೀನಿ."

*

ಬಾಯಿಂದ ಹೇಳಲು ಆಗದೆಂದು ಗಂಗಾಗೆ ಗೊತ್ತಿತ್ತು. ಅದಕ್ಕೇ ತಂದೆಯ ಕೋರ್ಟು ತೀರ್ಪಿನ ಜೆರಾಕ್ಸ್ ಪ್ರತಿಯನ್ನು ಮನೆಯ ಟ್ರಂಕಿನಿಂದ ತಂದಳು. ಕಾಲೇಜಿನಲ್ಲಿ ತಾವು ಓದಲು ಕೂಡಿಟ್ಟಿದ್ದ ತೀರ್ಪುಗಳ ಮೇಲೆ ಅದನ್ನಿಟ್ಟು ಕೊಟ್ರೇಶನ ಮುಂದೆ ಸರಿಸಿದಳು.

"ಇದನ್ನ ಓದ್ರಿ. ಓದಿ ಆದ ಮ್ಯಾಲ ನಿಮಗ ಎಲ್ಲಾ ಗೊತ್ತಾಗ್ತೈತಿ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಹಿಂದೆ ಹಾಳೆ ಮಗುಚುವ ಸದ್ದು. ಒಂದು... ಎರಡು... ಆಮೇಲೆ ಸದ್ದೇ ಇಲ್ಲ.

ತಿರುಗಿ ನೋಡಿದಳು. ಕೊಟ್ರೇಶನ ಮುಖ ಬಿಳಿಚಿಕೊಂಡಿತ್ತು.

"ಆರೋಪಿ ಗವಿಸಿದ್ದಪ್ಪ, ತಳಕಲ್... ಇವರು..."

"ನಮ್ಮಪ್ಪ."

ಅವನು ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅವಳ ಮುಖ ನೋಡದೆ ಎದ್ದು ಹೊರಗೆ ನಡೆದುಬಿಟ್ಟ!

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಜಾಸ್ಮೀನ ಮೇಡಂ ಅವಳನ್ನು ಕರೆದರು.

"ಗಂಗಾ, ಕೊಟ್ರೇಶ ನಿನ್ನ ವಿಷಯದಿಂದ ಹಿಂದ ಸರದಾನ. ಪತ್ರ ಕೊಟ್ಟಾನ."

"ಯಾಕಂತ್ರಿ ಮೇಡಂ?"

"ಕಾರಣ ಬರದಾನ. ಆದ್ರ ಅದನ್ನ ತಾನ ನಿನಗ ಹೇಳ್ತೀನಿ ಅಂದಾನ. ನಾ ಹೇಳೋದು ಸರಿ ಅಲ್ಲ."

ಕಾರಣ ಕೇಳಬೇಕಾಗಿತ್ತೇ? ಕಳ್ಳ ಎನಿಸಿಕೊಂಡವನ ಮಗಳು! ಕುಷ್ಟಗಿಯಲ್ಲಿ ಬೀಜ, ಗೊಬ್ಬರದ ದೊಡ್ಡ ಅಂಗಡಿ ಇಟ್ಟವರ ಮಗ ಅವನು. ನೆರಳಾಗಿ ನಿಂತವನೂ ಕೊನೆಗೆ...

ಉಮರಸಾಬರು ಹೇಳಿದ ಆ ಸದ್ದು ಗಂಗಾಳ ಎದೆಯೊಳಗೇ ಕೇಳಿಸಿತು.

ಅಂದು ಮಧ್ಯಾಹ್ನ ಕೊಟ್ರೇಶನ ಫೋನು ಬಂತು. ಒಮ್ಮೆ, ಎರಡು ಸಲ, ಮೂರು ಸಲ. ಗಂಗಾ ಎತ್ತಲಿಲ್ಲ. 'ಕನಿಕರದ ಮಾತು ನಂಗ ಬ್ಯಾಡ' ಎಂದು ಫೋನನ್ನೇ ಬಂದ್ ಮಾಡಿದಳು. ರೈಲಿನಲ್ಲಿ ಮುಖಕ್ಕೆ ವೇಲು ಮುಚ್ಚಿಕೊಂಡು ಕುಳಿತಳು. ಕಿಟಕಿಯ ಹೊರಗಿನ ಬಂಡೆಗಳು ಬರೀ ಬಂಡೆಗಳಾಗಿದ್ದವು.

*

ಪ್ರಸ್ತಾವ ಮಂಡಿಸುವ ದಿನ ಬಂತು. ಮೇಜಿನ ಆ ಬದಿಗೆ ಜಾಸ್ಮೀನ ಮೇಡಂ ಮತ್ತು ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರು. ಈ ಬದಿಗೆ ಗಂಗಾ ಒಬ್ಬಳೇ.

ನಾಲ್ಕು ಜನರ ಕಥೆ ಹೇಳಿದಳು. ಪ್ರಶ್ನೆ ಹೇಗೆ ಕೇಳಿದೆವು, ಏನು ತಿಳಿಯಿತು, ಇನ್ನೇನು ತಿಳಿಯಬೇಕು, ಎಲ್ಲವನ್ನೂ ಹೇಳಿದಳು. ಮುಗಿಸಿ ಕೂರಬಹುದಿತ್ತು. ಕೂರಲಿಲ್ಲ.

"ಇನ್ನೊಂದು ಮಾತು ಐತ್ರಿ ಸರ್. ಇಂಥವರ ಪೈಕಿ ಒಬ್ಬರು ನಮ್ಮ ತಂದೆ."

ಪ್ರಾಧ್ಯಾಪಕರು ಕನ್ನಡಕ ತೆಗೆದರು.

"ಹಾಗಿದ್ದರೆ ಈ ಅಧ್ಯಯನ ಪಕ್ಷಪಾತವಿಲ್ಲದೆ ಆಗುತ್ತದೆಯೇ, ಅಮ್ಮಾ?"

"ಅದಕ್ಕ ಅವರನ್ನ ಈ ಅಧ್ಯಯನದಾಗ ಸೇರಿಸಂಗಿಲ್ರಿ. ಆದ್ರ ನಾ ಎಲ್ಲಿ ನಿಂತು ನೋಡಾಕತ್ತೀನಿ ಅನ್ನೋದು ನಿಮಗ ಗೊತ್ತಿರಬೇಕು ಅನ್ನಿಸ್ತು. ಮುಚ್ಚಿಟ್ಟು ಸೀಟು ತಗೊಂಡ್ರ... ನಾ ಓದಿದ್ದಕ್ಕ ಅರ್ಥ ಇರಂಗಿಲ್ಲ."

ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಆ ಮಾತನ್ನು ತಲೆಯೆತ್ತಿ ಆಡಿದ್ದಳು.

ಪ್ರಾಧ್ಯಾಪಕರು ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಸಹಿ ಮಾಡಿದರು.

"ಸೀಟು ಖಾಯಂ ಆತು, ಗಂಗಾ," ಎಂದರು ಮೇಡಂ. ಅವರ ಕಣ್ಣು ಒದ್ದೆಯಾಗಿತ್ತು. "ಈಗ ಮನಿಗೆ ಹೋಗು. ನಿಮ್ಮ ಅಪ್ಪಾರಿಗೆ ಹೇಳು."

*

ಮನೆಯ ಓಣಿ ತಿರುಗುತ್ತಲೇ ಗಂಗಾಳ ಕಾಲು ನಿಂತುಬಿಟ್ಟಿತು.

ಮನೆಯ ಮುಂದೆ ಒಂದು ಕಾರು. ಕಟ್ಟೆಯ ಪಕ್ಕದಲ್ಲಿ ಕೊಟ್ರೇಶ! ಅವನ ಕೈ ಹಿಡಿದುಕೊಂಡು ಒಬ್ಬ ಮುದುಕಿ. ತಾಯಿ ದುರುಗವ್ವ ಏನೂ ತಿಳಿಯದೆ ಬಾಗಿಲಲ್ಲಿ ನಿಂತಿದ್ದಳು.

"ಯಾಕ ಬಂದೀರಿ?" ಗಂಗಾಳ ದನಿ ನಡುಗಿತು. "ಪತ್ರದಾಗ ಬರದದ್ದು ಸಾಲಲಿಲ್ಲೇನು? ಮನೀತನಕ ಬಂದು ಹೇಳಬೇಕಾ?"

ಕೊಟ್ರೇಶ ತಲೆ ತಗ್ಗಿಸಿದ. "ನಿಮ್ಮ ಅಪ್ಪಾರನ್ನ ನೋಡಬೇಕ್ರಿ," ಎಂದಷ್ಟೇ ಹೇಳಿದ.

ಮುದುಕಿ ನಿಂತೇ ಇದ್ದಳು. ದುರುಗವ್ವ ಚಾಪೆ ಹಾಸಿದರೂ ಕೂರಲಿಲ್ಲ. ನೀರು ಕೊಟ್ಟರೂ ಮುಟ್ಟಲಿಲ್ಲ. "ಅಂವ ಬರ್ಲಿ," ಎಂದಳು.

ಗವಿಸಿದ್ದಪ್ಪ ಕುರಿ ಹೊಡೆದುಕೊಂಡು ಬಂದ. ಮುದುಕಿಯನ್ನು ಕಂಡವನೇ ನಿಂತಲ್ಲೇ ನಿಂತ. ಅವನ ತಲೆ ತಾನಾಗಿ ಬಾಗಿತು.

"ಅಮ್ಮಾರ... ನೀವು?"

ಆಗ ಗಂಗಾಗೆ ತಿಳಿಯಿತು, ಅಪ್ಪ 'ಅಮ್ಮಾರ' ಎನ್ನುತ್ತಿದ್ದದ್ದು ಒಬ್ಬರನ್ನೇ. ಇವಳು ಈಶಪ್ಪ ಸಾಹುಕಾರರ ಹೆಂಡತಿ ಶಂಕ್ರಮ್ಮ! ಹಾಗಾದರೆ ಕೊಟ್ರೇಶ... ಗುಡ್ಡ ಹತ್ತಿಸುತ್ತಿದ್ದ ಆ ಅಜ್ಜ...

ನೆಲ ಕುಸಿದಂತಾಯಿತು.

"ಗವಿಸಿದ್ದಪ್ಪಾ," ಶಂಕ್ರಮ್ಮನ ದನಿ ಒಡೆದಿತ್ತು. "ನನ್ನ ಸರ ಕಳುವಾಗಿರಲಿಲ್ಲ. ಲಗ್ನಕ್ಕ ಹೋಗೋ ಅವಸರದಾಗ ನಾನ ಅದನ್ನ ಜ್ವಾಳದ ಡಬ್ಬ್ಯಾಗ ಇಟ್ಟು ಮರತಿದ್ದೆ. ಆಮ್ಯಾಲ ಸಿಕ್ತು."

ಓಣಿಯ ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು.

"ಎಷ್ಟು ದಿನಕ್ಕ ಸಿಕ್ತ್ರಿ?" ಗವಿಸಿದ್ದಪ್ಪ ಮೆಲ್ಲಗೆ ಕೇಳಿದ.

"ಎಂಟು ದಿನಕ್ಕ."

"ಎಂಟು ದಿನಕ್ಕ..." ಅವನು ತನ್ನಷ್ಟಕ್ಕೆ ಹೇಳಿಕೊಂಡ. "ನಾ ಆವಾಗ ಒಳಗಿದ್ದೆ."

"ಸಾಹುಕಾರ್ರಿಗೆ ಹೇಳಿದೆ. ಕಂಪ್ಲೇಂಟ್ ಕೊಟ್ಟಾಗೈತಿ, ಈಗ ಸಿಕ್ತು ಅಂದ್ರ ನಮ್ಮ ಮಾನ ಹೋಗ್ತೈತಿ, ಬಾಯಿ ಮುಚ್ಚು ಅಂದ್ರು. ಮುಚ್ಚಿದೆ. ಅವರು ಹೋದ ಮ್ಯಾಲೂ ಮುಚ್ಚಿದೆ. ಮೊನ್ನೆ ಈ ಹುಡುಗ ಬಂದು ಕೇಳಿದ. ಸತ್ತವರ ಹೆಸರು ಯಾಕ ಕೆಡಸ್ತೀಯೋ ಅಂದೆ. ಬದುಕಿದ್ದವರ ಹೆಸರು ಕೆಟ್ಟೈತಲ್ಲ ಅಜ್ಜಿ ಅಂದ... ಮೂರು ದಿನ ನನ್ನ ಮನ್ಯಾಗ ಊಟ ಮಾಡ್ಲಿಲ್ಲ."

ಶಂಕ್ರಮ್ಮ ಕೈ ಜೋಡಿಸಿದಳು. ದುರುಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

ಕುರಿಗಳು ಗವಿಸಿದ್ದಪ್ಪನ ಕಾಲ ಸುತ್ತ ಒತ್ತಿಕೊಂಡು ನಿಂತಿದ್ದವು. ಆಮೇಲೆ ಅವನು ತಲೆಯೆತ್ತಿದ.

"ಇಲ್ಲಿ ಹೇಳಿದ್ರ ಸಾಲದ್ರಿ ಅಮ್ಮಾರ. ಅಗಸಿ ಕಟ್ಟಿ ಹತ್ರ ಹೇಳ್ರಿ. ಊರಾಗ ಎಲ್ಲಾರೂ ಅಲ್ಲೇ ಕುಂತಿರ್ತಾರ."

"ನಡಿಯಪ್ಪಾ," ಎಂದಳು ಶಂಕ್ರಮ್ಮ.

ಜೈಲಿನಿಂದ ಬಂದ ಮೇಲೆ ಗವಿಸಿದ್ದಪ್ಪ ಊರ ನಡುವಿನ ಬೀದಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಹಿತ್ತಲ ದಾರಿ ಹಿಡಿದೇ ಹೋಗುತ್ತಿದ್ದ. ಅಂದು ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬೀದಿಯ ನಟ್ಟನಡುವೆ, ಮುದುಕಿಯ ಹೆಜ್ಜೆಗೆ ಸರಿಯಾಗಿ ನಿಧಾನವಾಗಿ ನಡೆದ. ಸಂಜೆಯ ಕೆಂಪು ಬಿಸಿಲು ಅವನ ಮುಖದ ತುಂಬ ಬಿದ್ದಿತ್ತು. ಹಿಂದೆ ನಡೆದು ಬರುತ್ತಿದ್ದ ಗಂಗಾಗೆ ಅಪ್ಪ ಇಷ್ಟು ಎತ್ತರದವನೆಂದು ಅಂದೇ ಗೊತ್ತಾದದ್ದು!

*

ಶಂಕ್ರಮ್ಮ ಅಗಸಿ ಕಟ್ಟೆಯ ಮುಂದೆ ಎಲ್ಲವನ್ನೂ ಹೇಳಿದ ಮೇಲೂ ಆ ದಿನ ಗಂಗಾ ಕೊಟ್ರೇಶನೊಂದಿಗೆ ಮಾತಾಡಲಿಲ್ಲ. ಅವನೂ ಅಜ್ಜಿಯ ಕೈ ಹಿಡಿದು ಕಾರು ಹತ್ತಿಸಿ ಹೊರಟುಹೋದ.

"ಆ ಹುಡುಗ ಮೂರು ಸಲ ನಿನ್ನ ಕಡೆ ನೋಡಿದ," ಎಂದಳು ದುರುಗವ್ವ. "ನೀ ಒಮ್ಮೆನೂ ನೋಡ್ಲಿಲ್ಲ."

"ಅಜ್ಜಿ ಕೈ ಹಿಡ್ಕೊಂಡು ಬಂದ, ಹಿಡ್ಕೊಂಡು ಹೋದ," ಎಂದ ಗವಿಸಿದ್ದಪ್ಪ. "ನಡುವ ತನ್ನದೊಂದು ಮಾತು ಸೇರಿಸಲಿಲ್ಲ. ಛಲೋ ಹುಡುಗ."

ನಾಲ್ಕು ದಿನ ಗಂಗಾಳ ಮನಸ್ಸು ತೂಗುಯ್ಯಾಲೆ. ಸಿಟ್ಟು ಬರುವುದು, ಕರಗುವುದು. ಐದನೆಯ ದಿನ ತರಗತಿ ಮುಗಿಸಿ ಕೊಪ್ಪಳದ ನಿಲ್ದಾಣಕ್ಕೆ ಬಂದಾಗ, ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಮೇಲೆ ಕೊಟ್ರೇಶ ಕುಳಿತಿದ್ದ.

ಅವಳು ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಸಂಜೆಯ ಗಾಳಿ ಬೆಚ್ಚಗೆ ಬೀಸುತ್ತಿತ್ತು. ದೂರದ ಬೆಟ್ಟದ ಸಾಲು ಜೇನಿನ ಬಣ್ಣಕ್ಕೆ ತಿರುಗಿತ್ತು.

"ನಂಗ ಯಾಕ ಮೊದ್ಲ ಹೇಳ್ಲಿಲ್ಲ?"

"ಫೋನ್ ಮಾಡಿದ್ದೆ..."

"ನಾ ಎತ್ತಲಿಲ್ಲ. ಗೊತ್ತೈತಿ. ಆದ್ರ ಅವತ್ತ, ಆ ಕಾಗದ ಓದಿದಾಗ ಯಾಕ ಎದ್ದು ಹೋದ್ರಿ?"

ಕೊಟ್ರೇಶ ತನ್ನ ಅಂಗೈಯನ್ನೇ ನೋಡುತ್ತ ಹೇಳಿದ.

"ನಮ್ಮ ಅಜ್ಜನ ಹೆಸರು ಕಣ್ಣಿಗೆ ಬಿತ್ತು. ಆ ಸರ ಮನ್ಯಾಗ ಸಿಕ್ಕಿತ್ತು ಅಂತ ಅವ್ವ ಒಮ್ಮೆ ಬಾಯಿ ತಪ್ಪಿ ಹೇಳಿದ್ದು ನೆಪ್ಪಾತು. ಅದ್ರಿಂದ ಯಾರ ಬದುಕು ಕೆಟ್ಟೈತಿ ಅಂತ ಆವಾಗ ಗೊತ್ತಿರಲಿಲ್ಲ. ನಿಮ್ಮ ಮುಖ ನೋಡಾಕ ಆಗ್ಲಿಲ್ರಿ... ನಾಚಿಕಿ ಆತು. ನಿಮ್ಮ ಬಗ್ಗೆ ಅಲ್ಲ. ನನ್ನ ಬಗ್ಗೆ. ಇಂಥಾ ಮನಿಯವ ನಿಮ್ಮ ವಿಷಯದಾಗ ಇರಬಾರದು ಅಂತ ಪತ್ರ ಕೊಟ್ಟೆ."

"ಮತ್ತ ನಾನು..." ಗಂಗಾಳ ಕಣ್ಣು ತುಂಬಿತು. "ನೀವೂ ಕದಾ ಹಾಕ್ಕೊಂಡ್ರಿ ಅಂತ ತಿಳ್ಕೊಂಡೆ."

"ಆಮ್ಯಾಲ ಫೋನ್ ಮಾಡಿದ್ದೂ ತಪ್ಪು ಅನ್ನಿಸ್ತು. ನಿಮ್ಮ ಮುಂದ ಅತ್ತಿದ್ರ ನೀವು ಕ್ಷಮಿಸಿಬಿಡ್ತಿದ್ರಿ. ಆದ್ರ ಕ್ಷಮಿಸೋದು, ಬಿಡೋದು ನಿಮ್ಮಪ್ಪಾರಿಗೆ ಬಿಟ್ಟದ್ದು. ಅದಕ್ಕ ಮೊದ್ಲ ಅಜ್ಜಿನ್ನ ಕರ್ಕೊಂಡು ಬಂದೆ."

"ನಿಮ್ಮ ಮನ್ಯಾಗ?"

"ಜಗಳ ಆಗೈತಿ. ಮಾವ ಮಾತಾಡಂಗಿಲ್ಲ. ಅವ್ವ ಮಾತ್ರ ಅತ್ತು, ಛಲೋ ಮಾಡಿದಿ ಅಂದ್ಲು. ಇನ್ನೂ ಜಗಳ ಆಗೋದೈತಿ..."

"ಇನ್ನ್ಯಾಕ?"

ಅವನು ಅಂದು ಮೊದಲ ಸಲ ಅವಳ ಕಣ್ಣು ನೋಡಿದ.

"ಹೇಮಗುಡ್ಡದಾಗ ನಾ ಹೇಳಾಕ ಹೋಗಿದ್ದ ಮಾತು ಮನ್ಯಾಗ ಹೇಳಿದ್ರ, ಜಗಳ ಆಗಲಾರದ ಇರ್ತೈತೇನು?"

ಗಂಗಾಳ ಎದೆಬಡಿತ ಪ್ಲಾಟ್‌ಫಾರ್ಮಿಗೆಲ್ಲ ಕೇಳುತ್ತಿದೆಯೇನೋ ಎನ್ನುವಂತಾಯಿತು. ಏನೂ ಗೊತ್ತಿಲ್ಲದವಳಂತೆ ಕೇಳಿದಳು.

"ಅದೇನು ಮಾತು?"

"ನಾ ನಿನ್ನ ಭಾಳ ಪ್ರೀತಿ ಮಾಡ್ತೀನಿ, ಗಂಗಾ."

'ನಿಮ್ಮ' ಎನ್ನಲಿಲ್ಲ, 'ನಿನ್ನ' ಎಂದ! ಆ ಒಂದು ಅಕ್ಷರಕ್ಕೆ ಅವಳ ಮೈಯೆಲ್ಲ ಹಗುರಾಗಿ, ಬೆಂಚಿನಿಂದ ಮೇಲೆದ್ದು ಗಾಳಿಯಲ್ಲಿ ತೇಲಿದಂತಾಯಿತು.

"ನಂಗ ಆನರ್ಸ್ ಮುಗೀಬೇಕು," ಎಂದಳು ಕೊನೆಗೆ, ಕಣ್ಣೀರು ಒರೆಸಿಕೊಳ್ಳುತ್ತ. "ಇನ್ನೂ ಹನ್ನೊಂದು ಮಂದಿ ಮನಿಗೆ ಹೋಗಿ ಮಾತಾಡಬೇಕು. ಬರೀಬೇಕು. ಅಲ್ಲೀತನಕ ಲಗ್ನದ ಮಾತು ಯಾರೂ ಎತ್ತಬಾರದು."

"ಎತ್ತಂಗಿಲ್ಲ. ನನ್ನದೂ ಹೊಸಾ ವಿಷಯ ಶುರು ಆಗೈತಿ. ಒಂದು ವರ್ಷ ನಾ ಏನೂ ಮಾತಾಡಂಗಿಲ್ಲ, ಆತೇನು?"

"ಮಾತಾಡಬ್ಯಾಡ ಅಂತ ಯಾರ ಅಂದ್ರು?" ಗಂಗಾ ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು ಕುಳಿತಳು. "ದಿನಾ ಮಾತಾಡು."

"ಏನಂತ ಮಾತಾಡ್ಲಿ?"

ರೈಲು ಬರುವ ಸದ್ದು ದೂರದಿಂದ ಕೇಳಿಸಿತು. ಗಂಗಾ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಗಾಡಿ ಬರೂದ್ರಾಗ... ಈಗ ಹೇಳಿದಿಯಲ್ಲ, ಅದನ್ನ ಇನ್ನೊಮ್ಮೆ ಹೇಳು."